ಹಿರಿಯರ ಜೊತೆ ಸೇರಿ ಮುಪ್ಪು, ಕಾಯಿಲೆ, ಸಾವಿನ ಬಗ್ಗೆ ನಾಟಕ ಕಟ್ಟುತ್ತಿದ್ದೇವೆ. ಅನುಭವ ಇರುವವರು ದಯವಿಟ್ಟು ಹೇಳಿ

ಗಿರಿನಗರದ ರಂಗಹುಡುಗಿ

ಎಲ್ಲರಿಗೂ ನಮಸ್ಕಾರ. ನಮ್ಮದು ಬೆಂಗಳೂರಿನ ಗಿರಿನಗರ, ಹನುಮಂತನಗರ ಕಡೆಯ ಚಿಕ್ಕ ಹವ್ಯಾಸಿ ತಂಡ. ಎಲ್ಲರೂ ಕೆಲಸಕ್ಕೆ ಹೋಗುವವರು, ಸಂಜೆ ತಾಲೀಮು. ಇಷ್ಟು ದಿನ ಬರೆದಿಟ್ಟ ನಾಟಕಗಳನ್ನೇ ಎತ್ತಿಕೊಂಡು ಕೆ.ಎಚ್. ಕಲಾಸೌಧದಲ್ಲಿ ಆಡುತ್ತಿದ್ದೆವು. ಈ ಸಲ ಹಾಗೆ ಬೇಡ ಅನ್ನಿಸಿದೆ. ಮುಪ್ಪು, ಕಾಯಿಲೆ, ಸಾವು, ಈ ಮೂರರ ಬಗ್ಗೆ ನಾಟಕ ಮಾಡಬೇಕು. ಆದರೆ ಮೂವತ್ತರ ಆಸುಪಾಸಿನ ನಾವು ಕೂತು ಬರೆಯುವುದಲ್ಲ, ಅದನ್ನು ದಿನಾ ಬದುಕುತ್ತಿರುವವರ ಜೊತೆ ಸೇರಿ ಕಟ್ಟಬೇಕು.

ಪಾರ್ಕಿಗೆ ವಾಕಿಂಗ್ ಬರುವ ಹಿರಿಯರನ್ನು ಮಾತಾಡಿಸುತ್ತಾ ಮಾತಾಡಿಸುತ್ತಾ ಒಂದು ಗುಂಪೇ ಆಗಿದೆ. ಅದರಲ್ಲಿ ಪಾರ್ಕಿನ್ಸನ್ಸ್, ಅಂದರೆ ಕೈಕಾಲು ನಡುಗುವ ಕಾಯಿಲೆ, ಇರುವ ಒಬ್ಬ ನಿವೃತ್ತ ಮೇಷ್ಟ್ರು ಇದ್ದಾರೆ. ಕೀಮೋ ತೆಗೆದುಕೊಳ್ಳುತ್ತಿರುವ ಒಬ್ಬ ಆಂಟಿ ಇದ್ದಾರೆ. ಇನ್ನೊಬ್ಬ ಅಮ್ಮ ಮರೆವಿನ ಕಾಯಿಲೆ ಇರುವ ಗಂಡನನ್ನು ಕೈ ಹಿಡಿದುಕೊಂಡೇ ಕರೆತರುತ್ತಾರೆ. ಆ ಯಜಮಾನರೂ ಸುಮ್ನೆ ಕೂರುವುದಿಲ್ಲ, ಹಾಡು ಬಂದರೆ ತಾಳ ಹಾಕುತ್ತಾರೆ.

ತೊಂದರೆ ಎಲ್ಲಿ ಅಂದರೆ, ನಾವು ಪ್ರಶ್ನೆ ಕೇಳುತ್ತೇವೆ, ಅವರು ಹೇಳುತ್ತಾ ಹೇಳುತ್ತಾ ಅಳುತ್ತಾರೆ, ನಾವು ಬರೆದುಕೊಳ್ಳುತ್ತೇವೆ. ನೋಟ್‌ಬುಕ್ ತುಂಬಿದೆ, ನಾಟಕ ಮಾತ್ರ ಹುಟ್ಟಿಲ್ಲ. ಅವರ ನೋವನ್ನು ತೆಗೆದುಕೊಂಡು ಏನು ಮಾಡುತ್ತಿದ್ದೇವೆ ಅಂತ ನನಗೆ ರಾತ್ರಿ ಯೋಚನೆ ಬರುತ್ತೆ. ಜೊತೆಗೆ ಮನೆಯವರ ಭಯ. ಸಾವು ಅನ್ನುವ ಪದ ಬಾಯಿಗೆ ಬಂದರೆ ಸಾಕು, ಮಗಳು 'ಬಿಡ್ತು ಅನ್ನಿ ಅಮ್ಮಾ' ಅಂತ ಅಲ್ಲೇ ತಡೆಯುತ್ತಾಳೆ. ವೇದಿಕೆ ಮೇಲೆ ಅವರೇ ಬರಬೇಕಾ, ಅವರ ಮಾತನ್ನು ನಾವು ಆಡಬೇಕಾ, ಅದೂ ಗೊತ್ತಾಗುತ್ತಿಲ್ಲ. ಇನ್ನೊಂದು ಪ್ರಶ್ನೆ ಕೇಳುವುದಕ್ಕೇ ಕಷ್ಟ, ಆದರೂ ಕೇಳುತ್ತೇನೆ. ತಾಲೀಮಿನ ನಡುವೆ ಯಾರಾದರೂ ಆಸ್ಪತ್ರೆ ಸೇರಿದರೆ, ತೀರಿಕೊಂಡರೆ, ಅವರ ಭಾಗವನ್ನು ಏನು ಮಾಡುವುದು?

ತಾಲೀಮುಮನೆ

ನಾನು ಕೆಲವು ಕಾಲ ಒಂದು ವೃದ್ಧಾಶ್ರಮದಲ್ಲಿ ರಂಗ ಚಟುವಟಿಕೆ ಮಾಡಿಸಿದ್ದೇನೆ, ಆ ಅನುಭವದಿಂದ ಬರೆಯುತ್ತಿದ್ದೇನೆ.

ಮೊದಲು ತಾಲೀಮಿನ ಸಮಯ ಬದಲಾಯಿಸಿ. ಸಂಜೆ ಏಳು ನಿಮಗೆ ಸರಿ, ಅವರಿಗೆ ಅದು ಸುಸ್ತಿನ ಹೊತ್ತು, ಅದರಲ್ಲೂ ಮರೆವಿನ ಕಾಯಿಲೆ ಇರುವ ಎಷ್ಟೋ ಜನರಿಗೆ ಸಂಜೆಯಾದರೆ ಗಲಿಬಿಲಿ ಜಾಸ್ತಿ ಆಗುತ್ತೆ. ಶನಿವಾರ ಭಾನುವಾರ ಬೆಳಗ್ಗೆ ತಿಂಡಿ ಆದ ಮೇಲೆ ಒಂದೂವರೆ ಗಂಟೆ ಸಾಕು. ಮೇಷ್ಟ್ರನ್ನು ಕೇಳಿ, ಮಾತ್ರೆ ತೆಗೆದುಕೊಂಡ ಎಷ್ಟು ಹೊತ್ತಿಗೆ ಅವರ ಕೈಕಾಲು ಸರಾಗ ಆಗುತ್ತೆ ಅಂತ. ಪಾರ್ಕಿನ್ಸನ್ಸ್‌ನಲ್ಲಿ ಔಷಧಿ ಕೆಲಸ ಮಾಡುವ ಹೊತ್ತು, ಮಾಡದ ಹೊತ್ತು ಎರಡೂ ಇರುತ್ತೆ. ಅವರ ದೃಶ್ಯ ಆ ಒಳ್ಳೆಯ ಹೊತ್ತಿಗೆ ಬರುವ ಹಾಗೆ ನಾಟಕ ಜೋಡಿಸಿ. ಕೈಯಿರುವ ಕುರ್ಚಿಗಳನ್ನೇ ತನ್ನಿ, ಎದ್ದೇಳುವಾಗ ಹಿಡಿಯಬೇಕಲ್ವಾ. ನೆಲದ ಮೇಲೆ ವೈರ್ ಬೇಡ. ದೃಶ್ಯ ಬದಲಾಗುವಾಗ ಪೂರ್ತಿ ಕತ್ತಲೆ ಮಾಡುವ ಅಭ್ಯಾಸ ನಮಗೆಲ್ಲ ಇದೆ, ಇಲ್ಲಿ ಅದನ್ನು ಬಿಟ್ಟೇಬಿಡಿ. ಬಿದ್ದು ಸೊಂಟದ ಮೂಳೆ ಮುರಿದರೆ ನಾಟಕದ ಮಾತು ಹಾಗಿರಲಿ, ಆ ಜೀವ ಮತ್ತೆ ನಡೆದಾಡುವುದೇ ಕಷ್ಟ.

ಇನ್ನು ನೋಟ್‌ಬುಕ್ ವಿಷಯ. ನೀವು ನೆನಪು ಕೇಳುತ್ತಿದ್ದೀರಿ ಅನ್ನಿಸುತ್ತೆ. ನೆನಪು ಕೇಳಿದರೆ ಅಳು ಬರುತ್ತೆ, ಇಲ್ಲಾ 'ನೆನಪಿಲ್ಲ' ಅನ್ನುವ ಉತ್ತರ ಬರುತ್ತೆ. ಅದು ಅವರಿಗೆ ಇನ್ನೂ ದೊಡ್ಡ ಅವಮಾನ. ಅಮೆರಿಕದ ಮಿಲ್ವಾಕಿಯ ರಂಗಕರ್ಮಿ ಆನ್ ಬ್ಯಾಸ್ಟಿಂಗ್ 1990ರ ದಶಕದಲ್ಲಿ ಮರೆವಿನ ಕಾಯಿಲೆ ಇರುವವರ ಜೊತೆ ಟೈಮ್‌ಸ್ಲಿಪ್ಸ್ ಅನ್ನುವ ಪದ್ಧತಿ ಬೆಳೆಸಿದರು. ಅಲ್ಲಿ ನೆನಪಿಸಿಕೊಳ್ಳಿ ಅಂತ ಯಾರೂ ಕೇಳುವುದಿಲ್ಲ. ಒಂದು ವಿಚಿತ್ರ ಚಿತ್ರ ತೋರಿಸುತ್ತಾರೆ, ಇವರು ಯಾರಿರಬಹುದು, ಎಲ್ಲಿಗೆ ಹೊರಟಿರಬಹುದು ಅಂತ ಕೇಳುತ್ತಾರೆ, ಬಂದ ಉತ್ತರ ಎಷ್ಟೇ ಅಸಂಬದ್ಧ ಅನ್ನಿಸಿದರೂ ಹಾಗೇ ಬರೆದುಕೊಂಡು ಮತ್ತೆ ಓದಿ ಹೇಳುತ್ತಾರೆ. ತಪ್ಪು ಉತ್ತರ ಅನ್ನುವುದೇ ಇಲ್ಲ.

ನಾನು ಅದನ್ನು ಇಲ್ಲಿ ಮಾಡಿದೆ. ಮೆಜೆಸ್ಟಿಕ್ ಬಸ್ ಸ್ಟ್ಯಾಂಡಿನಲ್ಲಿ ಟ್ರಂಕ್ ಹಿಡಿದು ನಿಂತ ಹೆಂಗಸಿನ ಫೋಟೊ ಇಟ್ಟುಕೊಂಡಿದ್ದೆ. ಎಲ್ಲಿಗೆ ಹೊರಟಿದ್ದಾಳೆ ಅಂತ ಕೇಳಿದರೆ ಒಬ್ಬರು ತವರಿಗೆ ಅಂದರು, ಒಬ್ಬರು ಕೋರ್ಟಿಗೆ ಅಂದರು. ಬೆಳಗ್ಗೆಯಿಂದ ಒಂದು ಮಾತೂ ಆಡದ ಅಜ್ಜಿ ಒಬ್ಬರು, 'ಅವಳು ಎಲ್ಲಿಗೂ ಹೋಗಲ್ಲ, ಬಸ್ಸಿಗೆ ಹೋಗಿ ಬಾ ಅನ್ನೋಕೆ ಬಂದಿದಾಳೆ' ಅಂದರು. ಅಲ್ಲಿಂದ ಮುಂದೆ ಟ್ರಂಕಿನಲ್ಲಿ ಏನಿದೆ ಅನ್ನುವುದರ ಮೇಲೆ ಜಗಳವೇ ಶುರುವಾಯಿತು. ಚಕ್ಕುಲಿ ಇದೆ ಅಂದವರು ಇದ್ದರು, ಗಂಡನ ಸೂಟು ಅಂದವರು ಇದ್ದರು. ಆ ಜಗಳವೇ ನಮಗೆ ಮೊದಲ ದೃಶ್ಯ ಆಯಿತು. ಯಾರೂ ಅಳಲಿಲ್ಲ. ಆದರೆ ಆ ದೃಶ್ಯದಲ್ಲಿ ಬಿಟ್ಟು ಹೋಗುವುದರ ಬಗ್ಗೆ ಎಲ್ಲವೂ ಇತ್ತು.

ಅದೇ ಬ್ಯಾಸ್ಟಿಂಗ್ ಮತ್ತು ಸೊಜರ್ನ್ ಅನ್ನುವ ನಾಟಕ ತಂಡ 2011ರಲ್ಲಿ ಮಿಲ್ವಾಕಿ ಕಡೆಯ ಒಂದು ಹಿರಿಯರ ಆರೈಕೆ ಕೇಂದ್ರದಲ್ಲಿ, ಅಲ್ಲಿನ ನಿವಾಸಿಗಳು, ಸಿಬ್ಬಂದಿ, ಕಾಲೇಜು ವಿದ್ಯಾರ್ಥಿಗಳು ಎಲ್ಲರನ್ನೂ ಸೇರಿಸಿ ಪೆನೆಲೊಪಿಯ ಕಥೆ ಮಾಡಿದರು. ಗ್ರೀಕ್ ಪುರಾಣದಲ್ಲಿ ಗಂಡ ಯುದ್ಧದಿಂದ ಬರಲಿ ಅಂತ ಇಪ್ಪತ್ತು ವರ್ಷ ಕಾಯುತ್ತಾಳಲ್ಲ, ಅವಳು. ಪ್ರೇಕ್ಷಕರು ಆ ಕಟ್ಟಡದ ಒಳಗೇ ನಡೆಯುತ್ತಾ ನಾಟಕ ನೋಡಿದರು. ಕಾಯುವುದು ಅಂದರೆ ಏನು ಅಂತ ಅಲ್ಲಿದ್ದವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿರುತ್ತೆ ಹೇಳಿ.

ಜಾಗದ ಬಗ್ಗೆ ಒಂದು ಮಾತು. ರಂಗಶಂಕರದಲ್ಲಿ ಆಡಬೇಕು ಅನ್ನುವ ಆಸೆ ನಮ್ಮೆಲ್ಲರಿಗೂ ಇದೆ, ಏಳೂವರೆ ಅಂದರೆ ಏಳೂವರೆಗೇ ಶುರು ಮಾಡುವ, ತಡವಾಗಿ ಬಂದವರನ್ನು ಒಳಗೆ ಬಿಡದ ಅಲ್ಲಿನ ಶಿಸ್ತು ನನಗೆ ತುಂಬಾ ಇಷ್ಟ. ಆದರೆ ವ್ಹೀಲ್‌ಚೇರ್ ತಳ್ಳಿಕೊಂಡು ಸಂಜೆ ಟ್ರಾಫಿಕ್ಕಿನಲ್ಲಿ ಜೆ.ಪಿ. ನಗರಕ್ಕೆ ಬರುವವರು ನಿಮ್ಮ ಮುಖ್ಯ ಪ್ರೇಕ್ಷಕರು ಅನ್ನುವುದಾದರೆ, ಮೊದಲ ಪ್ರದರ್ಶನ ನಿಮ್ಮ ಏರಿಯಾದ ಸಮುದಾಯ ಭವನದಲ್ಲೋ ರಾಮಮಂದಿರದಲ್ಲೋ ಬೆಳಗ್ಗೆ ಹನ್ನೊಂದಕ್ಕೆ ಇಟ್ಟುಕೊಳ್ಳಿ.

ರಾತ್ರಿಪಾಳಿ ಸಿಸ್ಟರ್

ನಾನು ಉಪಶಮನ ಆರೈಕೆಯಲ್ಲಿ ನರ್ಸ್. ವಾಸಿಯಾಗದ ಹಂತದ ಕಾಯಿಲೆ ಇರುವವರನ್ನು ನೋಡಿಕೊಳ್ಳುವುದೇ ನನ್ನ ಕೆಲಸ. ನಾಟಕದ ಬಗ್ಗೆ ಗೊತ್ತಿಲ್ಲ, ಸಾವಿನ ಬಗ್ಗೆ ಹೇಳಬಲ್ಲೆ.

ಮೊದಲು ಕೀಮೋ ಆಂಟಿ ವಿಷಯ. ಮೂರು ವಾರಕ್ಕೊಮ್ಮೆ ಕೀಮೋ ಆಗುತ್ತಿದ್ದರೆ ಸಾಮಾನ್ಯವಾಗಿ ಏಳರಿಂದ ಹದಿನಾಲ್ಕನೇ ದಿನದ ನಡುವೆ ಬಿಳಿ ರಕ್ತಕಣ ತುಂಬಾ ಇಳಿಯುತ್ತೆ, ಸೋಂಕು ಬೇಗ ಹಿಡಿಯುತ್ತೆ. ಆ ವಾರ ಅವರನ್ನು ಗುಂಪಿಗೆ ಕರೆಯಬೇಡಿ, ಫೋನಿನಲ್ಲೇ ಸೇರಿಸಿಕೊಳ್ಳಿ. ಮೂರನೇ ವಾರ ಸ್ವಲ್ಪ ಚೇತರಿಸಿಕೊಂಡಿರುತ್ತಾರೆ, ಆದರೂ ಅವರ ಡಾಕ್ಟರನ್ನು ಒಂದು ಮಾತು ಕೇಳಿ. ನಿಮ್ಮ ತಂಡದಲ್ಲಿ ನೆಗಡಿ ಕೆಮ್ಮು ಇರುವವರು ಅವತ್ತು ಮನೆಯಲ್ಲೇ ಇರಲಿ.

ಆಮೇಲೆ ದಯವಿಟ್ಟು ಸಿನಿಮಾ ಸಾವು ಬೇಡ. ಮಗನ ಕೈ ಹಿಡಿದು ಉದ್ದ ಮಾತಾಡಿ ತಲೆ ವಾಲಿಸುವುದನ್ನು ನಾನು ಹತ್ತಿರ ಹತ್ತಿರ ಕಂಡೇ ಇಲ್ಲ. ತುಂಬಾ ಜನ ಕೊನೆಯ ದಿನಗಳಲ್ಲಿ ನಿದ್ದೆಯಲ್ಲೇ ಜಾಸ್ತಿ ಹೊತ್ತು ಇರುತ್ತಾರೆ. ಹಸಿವು ಹೋಗಿರುತ್ತೆ. ಉಸಿರು ಒಂದಿಷ್ಟು ಹೊತ್ತು ಜೋರಾಗಿ, ಆಮೇಲೆ ನಿಂತೇಹೋಯಿತೇನೋ ಅನ್ನುವ ಹಾಗೆ, ಮತ್ತೆ ಶುರು. ಗಂಟಲಲ್ಲಿ ಗೊರಗೊರ ಶಬ್ದ ಬರುತ್ತೆ, ರೋಗಿಗಿಂತ ಪಕ್ಕದಲ್ಲಿ ಕೂತವರಿಗೇ ಅದರಿಂದ ಜಾಸ್ತಿ ಸಂಕಟ. ಮನೆಯವರು ಊಟ ಮಾಡಿಸಲೇಬೇಕು ಅಂತ ಹಟ ಹಿಡಿಯುತ್ತಾರೆ, ಯಾಕಂದರೆ ನಮ್ಮಲ್ಲಿ ಪ್ರೀತಿ ತೋರಿಸುವ ದಾರಿಯೇ ತಟ್ಟೆ. ಒಂದು ತುತ್ತು ಬಾಯಿಗಿಟ್ಟರೆ ಅದು ಶ್ವಾಸಕೋಶಕ್ಕೆ ಹೋಗಬಹುದು. ಆಗ ನಾವು ಮಗಳ ಕೈಗೆ ಹತ್ತಿ ಕೊಡುತ್ತೇವೆ. ನೀರಿನಲ್ಲಿ ಅದ್ದಿ, ಚೆನ್ನಾಗಿ ಹಿಂಡಿ, ತುಟಿಗೆ ಒತ್ತಬೇಕು, ಉಜ್ಜಬಾರದು. ಆಮೇಲೆ ಒಸಡಿಗೆ. ಗಂಗೆ ಬಿಡಬೇಕು ಅಂದವರಿಗೂ ಚಮಚ ಬೇಡ, ಇದರಲ್ಲೇ ಹಚ್ಚಿ ಅನ್ನುತ್ತೇನೆ. ಏನೂ ಮಾಡೋಕಾಗ್ತಿಲ್ಲ ಅಂತ ಬಾಗಿಲಲ್ಲಿ ನಿಂತಿದ್ದ ಮಗಳು ಮಂಚದ ಹತ್ತಿರ ಬಂದು ಕೂತು ಆ ಕೆಲಸ ಹಿಡಿಯುತ್ತಾಳೆ. ಇದನ್ನು ವೇದಿಕೆ ಮೇಲೆ ಯಾರೂ ತೋರಿಸಿದ್ದು ನಾನು ನೋಡಿಲ್ಲ.

ಇನ್ನೊಂದು ದೃಶ್ಯ ನಿಮ್ಮ ನಾಟಕದಲ್ಲಿ ಇರಲೇಬೇಕು ಅನ್ನಿಸುತ್ತೆ. ಮಗ ನಮ್ಮನ್ನು ಹೊರಗೆ ಕರೆದು, 'ಸಿಸ್ಟರ್, ಅಪ್ಪನಿಗೆ ಕ್ಯಾನ್ಸರ್ ಅಂತ ಗೊತ್ತಿಲ್ಲ, ಹೇಳಬೇಡಿ' ಅನ್ನುತ್ತಾರೆ. ಒಳಗೆ ಹೋದರೆ ಅಪ್ಪ ಮೆಲ್ಲಗೆ, 'ಸಿಸ್ಟರ್, ನನಗೆ ಏನು ಅಂತ ಗೊತ್ತು, ಮಗ ತಡ್ಕೊಳ್ಳಲ್ಲ, ಹೇಳಬೇಡಿ' ಅನ್ನುತ್ತಾರೆ. ಇಬ್ಬರೂ ಒಬ್ಬರನ್ನೊಬ್ಬರು ಕಾಪಾಡುತ್ತಾ ಕೊನೆಯ ತಿಂಗಳನ್ನು ಹವಾಮಾನ ಮಾತಾಡುತ್ತಾ ಕಳೆಯುತ್ತಾರೆ. ಮಾರ್ಫಿನ್ ಹೆಸರು ಕೇಳಿದರೂ ಇದೇ ಭಯ. ಅದು ನೋವಿನ ಔಷಧಿ, ಸರಿಯಾದ ಪ್ರಮಾಣದಲ್ಲಿ ಕೊಟ್ಟರೆ ರೋಗಿ ಎದ್ದು ಕೂತು ಕಾಫಿ ಕೇಳುತ್ತಾರೆ. ಮನೆಯವರಿಗೆ ಅದು ಮುಗಿಸುವ ಔಷಧಿ ಅನ್ನುವ ಕಲ್ಪನೆ. 2014ರಲ್ಲಿ ಮಾದಕವಸ್ತು ಕಾಯ್ದೆಗೆ ತಿದ್ದುಪಡಿ ತಂದು ಆಸ್ಪತ್ರೆಗಳಿಗೆ ಅದು ಸುಲಭವಾಗಿ ಸಿಗುವ ಹಾಗೆ ಮಾಡಿದರೂ ಈ ಭಯ ಹಾಗೇ ಉಳಿದಿದೆ.

ಮಾರತ್ತಹಳ್ಳಿ ಕಡೆಯ ಕರುಣಾಶ್ರಯದಂಥ ಕಡೆ ಹೋಗಿ ಮಾತಾಡಿಸೋಣ ಅಂತ ನಿಮಗೆ ಅನ್ನಿಸಬಹುದು. ಮುಂದುವರಿದ ಕ್ಯಾನ್ಸರ್ ಇರುವವರನ್ನು 1999ರಿಂದ ಉಚಿತವಾಗಿ ನೋಡಿಕೊಳ್ಳುತ್ತಿರುವ ಜಾಗ ಅದು. ಇಂಥ ಕಡೆ ಕಥೆ ಹುಡುಕಿಕೊಂಡು ಹೋಗಬೇಡಿ. ಮೊದಲು ಅಲ್ಲಿನವರನ್ನು ಕೇಳಿ, ಸ್ವಯಂಸೇವಕರಾಗಿ ಹೋಗಿ, ಪೇಪರ್ ಓದಿ ಹೇಳಿ. ನಾಟಕದ ಮಾತು ಅವರೇ ಎತ್ತಿದರೆ ಎತ್ತಲಿ. ತಾಲೀಮಿನಲ್ಲಿ ಯಾರಾದರೂ ತುಂಬಾ ಕುಗ್ಗಿದ ಹಾಗೆ ಕಂಡರೆ ಟೆಲಿ ಮಾನಸ್ ಸಹಾಯವಾಣಿ 14416 ಇದೆ, ಕನ್ನಡದಲ್ಲೇ ಮಾತಾಡುತ್ತಾರೆ. ನಂಬರ್ ಗೋಡೆಗೆ ಅಂಟಿಸಿಡಿ. ನಿಮ್ಮ ತಂಡದ ಹುಡುಗರಿಗೂ ಬೇಕಾಗಬಹುದು.

ಬಸವನಗುಡಿ ಪ್ರೇಕ್ಷಕ

ಸ್ವಲ್ಪ ಖಾರವಾಗಿಯೇ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಇಂಥ ಪ್ರದರ್ಶನಕ್ಕೆ ನಾನು ಹೋಗಿದ್ದೇನೆ. ರೋಗಿಯೊಬ್ಬರು ನಿಂತು ತಮ್ಮ ಕಥೆ ಹೇಳಿದರು, ಎಲ್ಲರೂ ಅತ್ತರು, ಆಮೇಲೆ ಸಂವಾದ, ಆಮೇಲೆ ಕಾಫಿ. ಅವರ ಧೈರ್ಯಕ್ಕೆ ಕೈಮುಗಿದೆ. ಆದರೆ ನಾಟಕ ಎಲ್ಲಿತ್ತು? ಅವರು ಕಾಯಿಲೆ ಇರುವವರು ಅಂತ ನಾವು ಚಪ್ಪಾಳೆ ತಟ್ಟಿದ್ದೇ ಹೊರತು ಅವರು ಏನೋ ಕಟ್ಟಿದರು ಅಂತ ಅಲ್ಲ. ಅದು ಅವರಿಗೆ ಕೊಡುವ ಗೌರವ ಅಲ್ಲ ಅಂತ ನನ್ನ ಗಟ್ಟಿ ಅಭಿಪ್ರಾಯ.

ಮೈಸೂರು ಜೈಲಿನಲ್ಲಿ ಹುಲುಗಪ್ಪ ಕಟ್ಟೀಮನಿ ಅವರು ಕೈದಿಗಳಿಂದ ನಾಟಕ ಮಾಡಿಸಿದ್ದು ಗೊತ್ತಲ್ವಾ? ಶೇಕ್ಸ್‌ಪಿಯರ್ ನಾಟಕವನ್ನೂ ಆಡಿಸಿದರು. ಕೈದಿಗಳು ವೇದಿಕೆ ಮೇಲೆ ರಾಜ ಆದರು, ಸೇನಾಪತಿ ಆದರು, ನೋಡುವವರು ನಟರನ್ನು ನೋಡಿದರು. ನಿಮ್ಮ ಮೇಷ್ಟ್ರಿಗೂ ಅಷ್ಟು ಅವಕಾಶ ಕೊಡಿ. ನಡುಗುವ ಕೈ ಇಟ್ಟುಕೊಂಡು ಅವರು ಯಾವ ಪಾತ್ರ ಬೇಕಾದರೂ ಮಾಡಬಹುದು, ಪಾರ್ಕಿನ್ಸನ್ಸ್ ಇರುವ ಮೇಷ್ಟ್ರ ಪಾತ್ರವನ್ನೇ ಮಾಡಬೇಕು ಅಂತ ಇಲ್ಲ. ಚೆನ್ನಾಗಿಲ್ಲದ ದೃಶ್ಯವನ್ನು ಕತ್ತರಿಸುವ ಧೈರ್ಯವೂ ಇರಲಿ. ವಯಸ್ಸಾದವರು ಮಾಡಿದ್ದು ಅಂತ ಎಲ್ಲವನ್ನೂ ಉಳಿಸಿದರೆ ಎರಡು ಗಂಟೆ ಕೂರಲು ಆಗಲ್ಲ, ಅವರಿಗೂ ಆಗಲ್ಲ.

ನಿವೃತ್ತ, ತ್ಯಾಗರಾಜನಗರ

ನಾನು ನೀವೆಲ್ಲ ಮಾತಾಡುತ್ತಿರುವ ಹಿರಿಯರ ಪೈಕಿ. ಎಪ್ಪತ್ನಾಲ್ಕು ವಯಸ್ಸು, ಸ್ಟೆಂಟ್ ಇದೆ, ಸಕ್ಕರೆ ಇದೆ. ಮೊಮ್ಮಗಳು ಟೈಪ್ ಮಾಡಿಕೊಡುತ್ತಿದ್ದಾಳೆ. ಪ್ರೇಕ್ಷಕ ಅವರ ಮಾತಿಗೆ ನನ್ನ ಓಟು.

ಅಮ್ಮಾ, ನೀವು ಒಳ್ಳೆಯ ಮನಸ್ಸಿನಿಂದ ಹೊರಟಿದ್ದೀರಿ. ಒಂದೇ ಒಂದು ಕೇಳಿಕೊಳ್ಳುವುದು, ನಮ್ಮನ್ನು ಬರೀ ನೋವಿನ ಗಂಟು ಮಾಡಬೇಡಿ. ಮುಪ್ಪು ಅಂದರೆ ದಿನಪೂರ್ತಿ ಸಾವಿನ ಚಿಂತೆ ಅಂತ ನಿಮ್ಮ ವಯಸ್ಸಿನವರು ಅಂದುಕೊಂಡಿದ್ದೀರಿ. ನಮಗೆ ದಿನದ ಕೆಲಸವೇ ತಲೆ ತುಂಬಾ ಇರುತ್ತೆ. ಉದಾಹರಣೆಗೆ ನವೆಂಬರ್. ಪಿಂಚಣಿ ಬೇಕು ಅಂದರೆ ವರ್ಷಕ್ಕೊಮ್ಮೆ ನಾನು ಬದುಕಿದ್ದೇನೆ ಅಂತ ಜೀವನ ಪ್ರಮಾಣ ಪತ್ರ ಕೊಡಬೇಕು. ಒಂದು ಬ್ಯಾಂಕಿನಲ್ಲಿ ಬೆರಳಚ್ಚು ಯಂತ್ರದ ಮೇಲೆ ನನ್ನ ಹೆಬ್ಬೆರಳು ಇಟ್ಟರೆ ಗುರುತೇ ಹಿಡಿಯಲಿಲ್ಲ, ವಯಸ್ಸಾದ ಮೇಲೆ ಗೆರೆ ಸವೆದಿರುತ್ತಲ್ಲ. ಹುಡುಗ ಒರೆಸಿ ಇಡಿ ಅಂದ, ಒದ್ದೆ ಮಾಡಿ ಇಡಿ ಅಂದ, ಇನ್ನೊಂದು ಬೆರಳು ಅಂದ. ಹಿಂದೆ ಸಾಲಿನಲ್ಲಿ ನನ್ನಂಥವರೇ, ಒಬ್ಬೊಬ್ಬರೂ ಅಂಗೈ ಉಜ್ಜಿಕೊಂಡು ತಯಾರಾಗುತ್ತಿದ್ದರು. ಈಗ ಮುಖ ತೋರಿಸಿದರೂ ಆಗುತ್ತೆ, ಮೊಬೈಲಿನಲ್ಲೇ ಮಾಡಬಹುದು, ಮೊಮ್ಮಗಳು ಮಾಡಿಕೊಡುತ್ತಾಳೆ. ಆದರೆ ಆ ಸಾಲು ಇದೆಯಲ್ಲ, ಅದನ್ನು ನಾಟಕದಲ್ಲಿ ಇಡಿ. ಜನ ನಗುತ್ತಾರೆ, ನಗುವಾಗಲೇ ಅವರಿಗೆ ತಟ್ಟುತ್ತೆ.

ಸಿಟ್ಟನ್ನೂ ಇಡಿ. ಮಗ ನನ್ನ ಎದುರಿಗೇ ಡಾಕ್ಟರ ಹತ್ತಿರ 'ಇವರಿಗೆ ಮೋಷನ್ ಸರಿಯಾಗ್ತಿಲ್ಲ' ಅಂತ ಹೇಳುವಾಗ ನನಗೆ ಬರುವ ಸಿಟ್ಟು. ನನ್ನ ಹೊಟ್ಟೆಯ ವಿಷಯ ನಾನು ಹೇಳಬಾರದಾ?

ಇನ್ನು ತೀರಿಕೊಂಡರೆ ಏನು ಅನ್ನುವ ಪ್ರಶ್ನೆ. ಅದನ್ನು ಇಲ್ಲಿ ಕೇಳುವುದಕ್ಕಿಂತ ಅವರನ್ನೇ ಕೇಳಿ. ನಾವು ಹೆದರಲ್ಲ. ಹೆದರುವುದು ಮಕ್ಕಳು. ನಾನು ನಿಮ್ಮ ನಾಟಕದಲ್ಲಿ ಇದ್ದು ನಡುವೆ ಹೋದರೆ ಕುರ್ಚಿ ಖಾಲಿ ಬಿಟ್ಟು ದೀಪ ಹಚ್ಚುವುದೆಲ್ಲ ಬೇಡವೇ ಬೇಡ. ಪಾರ್ಕಿನಿಂದ ಇನ್ನೊಬ್ಬರನ್ನು ಕರೆದುಕೊಂಡು ಬಂದು ಕೂರಿಸಿ, ನನ್ನ ಮಾತು ಅವರು ಆಡಲಿ, ಅವರಿಗೆ ಇಷ್ಟ ಇಲ್ಲದಿದ್ದರೆ ಬದಲಾಯಿಸಿಕೊಳ್ಳಲಿ. ಬೇರೆಯವರು ಬೇರೆ ಥರ ಹೇಳಬಹುದು. ಒಂದು ಹಾಳೆಯಲ್ಲಿ ಎಲ್ಲರಿಂದ ಬರೆಸಿಕೊಂಡು ಸಹಿ ಹಾಕಿಸಿಕೊಳ್ಳಿ, ಮನೆಯವರಿಗೂ ಒಂದು ಪ್ರತಿ ಕೊಡಿ.

ಕಾನೂನು ಓದಿದವಳು

ಹಾಳೆಯ ಮಾತು ಬಂದಿದ್ದಕ್ಕೆ ಒಂದು ವಿಷಯ ಸೇರಿಸುತ್ತೇನೆ, ನಿಮ್ಮ ನಾಟಕಕ್ಕೆ ನೇರ ಸಂಬಂಧ ಇದೆ.

ವಾಸಿಯಾಗುವ ಆಸೆ ಇಲ್ಲದಾಗ ವೆಂಟಿಲೇಟರ್‌ನಂಥ ಜೀವರಕ್ಷಕ ಚಿಕಿತ್ಸೆ ಬೇಡ ಅಂತ ಮುಂಚೆಯೇ ಬರೆದಿಡುವ ಹಕ್ಕನ್ನು ಸುಪ್ರೀಂ ಕೋರ್ಟ್ 2018ರ ಮಾರ್ಚಿನಲ್ಲಿ ಒಪ್ಪಿತು. ಆಗ ಇಟ್ಟ ವಿಧಾನ ತುಂಬಾ ತೊಡಕಾಗಿತ್ತು, ಮ್ಯಾಜಿಸ್ಟ್ರೇಟರ ಸಹಿ ಬೇಕಿತ್ತು. 2023ರ ಜನವರಿಯಲ್ಲಿ ಅದನ್ನು ಸುಲಭ ಮಾಡಿದರು. ಈಗ ಇಬ್ಬರು ಸಾಕ್ಷಿಗಳು, ಜೊತೆಗೆ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಸಾಕು. ನಮಗೆ ಪ್ರಜ್ಞೆ ಇಲ್ಲದಾಗ ನಮ್ಮ ಪರವಾಗಿ ಯಾರು ನಿರ್ಧಾರ ಹೇಳಬೇಕು ಅಂತಲೂ ಅದರಲ್ಲಿ ಬರೆಯಬಹುದು. ಬರೆದಿಟ್ಟದ್ದನ್ನು ಜಾರಿಗೆ ತರುವ ಮುಂಚೆ ಆಸ್ಪತ್ರೆಯಲ್ಲಿ ತಲಾ ಮೂವರು ಡಾಕ್ಟರುಗಳ ಎರಡು ಮಂಡಳಿ ಪರಿಶೀಲಿಸಿ ಒಪ್ಪಬೇಕು. 2025ರ ಜನವರಿಯಲ್ಲಿ ಕರ್ನಾಟಕದ ಆರೋಗ್ಯ ಇಲಾಖೆಯೂ ಇದನ್ನು ಜಾರಿಗೆ ತರುವ ಆದೇಶ ಹೊರಡಿಸಿತು. ಇದು ದಯಾಮರಣದ ಇಂಜೆಕ್ಷನ್ ಅಲ್ಲ, ಅದಕ್ಕೆ ನಮ್ಮಲ್ಲಿ ಅನುಮತಿ ಇಲ್ಲ. ಈ ಎರಡನ್ನೂ ಜನ ಕಲೆಸಿಬಿಡುತ್ತಾರೆ, ನಾಟಕದಲ್ಲಿ ಆ ಗೊಂದಲ ಬರದ ಹಾಗೆ ನೋಡಿಕೊಳ್ಳಿ.

ಬ್ರೆಜಿಲ್‌ನ ಅಗಸ್ಟೊ ಬೋಆಲ್ 1970ರ ದಶಕದಲ್ಲಿ ರೂಪಿಸಿದ ಫೋರಂ ಥಿಯೇಟರ್ ಇದಕ್ಕೆ ಹೇಳಿ ಮಾಡಿಸಿದ್ದು ಅನ್ನಿಸುತ್ತೆ. ಐಸಿಯು ಹೊರಗೆ ಮಗ, ಮಗಳು, ಸೊಸೆ, ಅಮೆರಿಕದಿಂದ ವಿಡಿಯೊ ಕಾಲಿನಲ್ಲಿ ಇನ್ನೊಬ್ಬ ಮಗ. ಉಸಿರಾಟದ ಟ್ಯೂಬ್ ಹಾಕಬೇಕಾ ಬೇಡವಾ ಅಂತ ಡಾಕ್ಟರ್ ಕೇಳುತ್ತಾರೆ. ಜಗಳ ಜೋರಾದಾಗ ಪ್ರೇಕ್ಷಕರಲ್ಲಿ ಯಾರು ಬೇಕಾದರೂ 'ನಿಲ್ಲಿಸಿ' ಅಂತ ಎದ್ದು ಬಂದು ಒಬ್ಬರ ಜಾಗದಲ್ಲಿ ನಿಂತು ಬೇರೆ ಥರ ಮಾತಾಡಿ ನೋಡಬಹುದು. ಮನೆಯಲ್ಲಿ ಆಡಲಾಗದ ಮಾತನ್ನು ಅಲ್ಲಿ ಒಂದು ಸಲ ಆಡಿ ನೋಡಿದ ಹಾಗಾಗುತ್ತೆ.

ಶಿರಸಿ ಕಡೆಯವ, ಈಗ ಬನಶಂಕರಿ

ಎಲ್ಲರೂ ಮಿಲ್ವಾಕಿ, ಬ್ರೆಜಿಲ್ ಅಂತ ಹೇಳುತ್ತಿದ್ದೀರಿ, ಒಳ್ಳೆಯದೇ. ನಮ್ಮ ಮನೆ ಹಿತ್ತಿಲಲ್ಲೇ ಇರುವುದನ್ನೂ ನೋಡಿ. ತಾಳಮದ್ದಲೆ!

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಯಕ್ಷಗಾನದ್ದೇ ಪ್ರಸಂಗ, ಆದರೆ ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ್ಯ ಹಾಡುತ್ತಾರೆ, ಮದ್ದಲೆ ಚಂಡೆ ಇರುತ್ತೆ. ಅರ್ಥಧಾರಿಗಳು ಪಂಚೆ ಶಲ್ಯದಲ್ಲಿ ಎದುರುಬದುರು ಕೂತು, ಪದ್ಯ ಮುಗಿದ ಮೇಲೆ ಪಾತ್ರವಾಗಿ ಮಾತಾಡುತ್ತಾರೆ. ಮಾತು ಯಾರೂ ಬರೆದುಕೊಟ್ಟಿರುವುದಿಲ್ಲ. ಕಥೆ ಎಲ್ಲರಿಗೂ ಗೊತ್ತು, ವಾದ ಮಾತ್ರ ಅವತ್ತಿನದು. ಒಬ್ಬರು ಒಂದು ಕೊಕ್ಕೆ ಹಾಕಿದರೆ ಇನ್ನೊಬ್ಬರು ಅಲ್ಲೇ ಉತ್ತರ ಕೊಡಬೇಕು. ನನ್ನ ಅಜ್ಜನ ಕಾಲದಲ್ಲಿ ಮಳೆಗಾಲದ ರಾತ್ರಿಗಳಲ್ಲಿ ಮನೆ ಜಗಲಿ ಮೇಲೇ ನಡೆಯುತ್ತಿತ್ತು, ಮಂಡಿನೋವಿನ ಮುದುಕರು ಎದ್ದು ನಿಲ್ಲಲಾಗದವರು ಕೂತಲ್ಲೇ ಭೀಷ್ಮ ಆಗುತ್ತಿದ್ದರು.

ಈಗ ನಿಮ್ಮ ಗುಂಪು ನೋಡಿ. ನಿಲ್ಲಲು ಕಷ್ಟ, ಇಲ್ಲಿ ಕೂತೇ ಮಾಡುವುದು. ಬಾಯಿಪಾಠ ಕಷ್ಟ, ಇಲ್ಲಿ ಬಾಯಿಪಾಠವೇ ಇಲ್ಲ. ಒಬ್ಬರು ಅವತ್ತು ಬರಲಾಗಲಿಲ್ಲ ಅಂದರೆ ಆ ಪಾತ್ರಕ್ಕೆ ಇನ್ನೊಬ್ಬರು ಕೂರುತ್ತಾರೆ, ತಾಳಮದ್ದಲೆಯಲ್ಲಿ ಅದು ಮಾಮೂಲಿ. ನಿವೃತ್ತರು ಹೇಳಿದ ಕುರ್ಚಿಯ ಮಾತು ಇಲ್ಲಿ ತಾನಾಗಿಯೇ ಕೂರುತ್ತೆ.

ಪ್ರಸಂಗ ಯಾವುದು ಅಂದರೆ ಮಹಾಭಾರತದ ರಾಜ ಯಯಾತಿಯದು. ಶುಕ್ರಾಚಾರ್ಯರ ಶಾಪದಿಂದ ಒಮ್ಮೆಲೇ ಮುಪ್ಪು ಬರುತ್ತೆ. ಬೇರೆಯವರು ಒಪ್ಪಿದರೆ ಅದನ್ನು ಅವರಿಗೆ ಕೊಟ್ಟು ಅವರ ಯೌವನ ತೆಗೆದುಕೊಳ್ಳಬಹುದು. ಒಬ್ಬೊಬ್ಬ ಮಗನನ್ನೇ ಕೇಳುತ್ತಾನೆ. ಯದು, ತುರ್ವಸು, ದ್ರುಹ್ಯು, ಅನು ನಾಲ್ವರೂ ಒಲ್ಲೆ ಅನ್ನುತ್ತಾರೆ, ಕಿರಿಯವನಾದ ಪುರು ಒಪ್ಪುತ್ತಾನೆ. ನಿಮ್ಮ ಹಿರಿಯರನ್ನು ಒಂದು ಕಡೆ ಕೂರಿಸಿ, ನೀವು ಮೂವತ್ತರವರು ಇನ್ನೊಂದು ಕಡೆ ಕೂತುಕೊಳ್ಳಿ. ಆಮೇಲೆ ಪಾತ್ರ ತಿರುವಿ! ಹಿರಿಯರು ಮಕ್ಕಳ ಪಾತ್ರ ಮಾಡಲಿ, ನೀವು ಯಯಾತಿ ಆಗಿ. ಒಲ್ಲೆ ಅಂದ ನಾಲ್ವರು ಕೆಟ್ಟವರಾ? ಅಪ್ಪನ ಡಯಾಪರ್ ಬದಲಾಯಿಸಲು ಕೆಲಸ ಬಿಟ್ಟು ಬಂದ ಮಗಳು ಪುರುವಾ, ಅಲ್ಲ ಅವಳ ಮೇಲೆ ಯಾರಾದರೂ ಮುಪ್ಪು ಹೇರಿದರಾ? ಅವನ ಹೆಂಡತಿಯರಾದ ದೇವಯಾನಿ, ಶರ್ಮಿಷ್ಠೆ ಇಬ್ಬರನ್ನೂ ಬಿಡಬೇಡಿ, ರೋಗಿಯ ಹೆಂಡತಿಗೆ ಹೇಳಲು ತುಂಬಾ ಇರುತ್ತೆ. ಅವರವರ ಬದುಕು ವಾದದೊಳಗೆ ಬಂದೇ ಬರುತ್ತೆ, ಆದರೆ ನನ್ನ ಕಥೆ ಇದು ಅಂತ ಯಾರೂ ಬಿಚ್ಚಿಡಬೇಕಾಗಿಲ್ಲ. 'ಬಿಡ್ತು ಅನ್ನಿ' ಅನ್ನುವ ಮಗಳಿಗೂ ಕಷ್ಟ ಇಲ್ಲ. ಮಾತಾಡುತ್ತಿರುವುದು ಯಯಾತಿ, ಅವಳ ಅಮ್ಮ ಅಲ್ಲ.

ಮರೆವಿನ ಕಾಯಿಲೆ ಇರುವ ಯಜಮಾನರು ತಾಳ ಹಾಕುತ್ತಾರೆ ಅಂದಿರಲ್ಲ. ಭಾಗವತರ ಪಕ್ಕ ಕೂರಿಸಿ, ಕೈಗೆ ತಾಳ ಕೊಡಿ.

ಗಿರಿನಗರದ ರಂಗಹುಡುಗಿ

ಎಲ್ಲರ ಉತ್ತರವನ್ನೂ ಪ್ರಿಂಟ್ ತೆಗೆಸಿ, ದೊಡ್ಡ ಅಕ್ಷರದಲ್ಲಿ, ಗುಂಪಿಗೆ ಓದಿ ಹೇಳಿದೆವು. ಮೇಷ್ಟ್ರು ಯಯಾತಿ ಅಂದ ತಕ್ಷಣ ನೆಟ್ಟಗೆ ಕೂತರು. ಆದರೆ ಅವರಿಗೆ ಯಯಾತಿ ಪಾತ್ರ ಬೇಡವಂತೆ, ಯದು ಬೇಕಂತೆ. 'ಒಲ್ಲೆ ಅಂದವನ ಪರ ಯಾರೂ ಸರಿಯಾಗಿ ವಾದ ಮಾಡಿಲ್ಲ, ನಾನು ಮಾಡ್ತೀನಿ' ಅಂದರು. ಸುಮ್ನೆ ಪ್ರಯತ್ನ ಮಾಡೋಣ ಅಂತ ನಮ್ಮ ಹುಡುಗನೊಬ್ಬ ಯಯಾತಿಯಾಗಿ ಎದುರಿಗೆ ಕೂತ. ಮೇಷ್ಟ್ರು ಶುರು ಮಾಡಿದ್ದೇ, 'ಅಪ್ಪಾ, ನಿನ್ನ ಮುಪ್ಪು ತಗೋತೀನಿ, ಆದರೆ ನಿನಗೆ ಎಷ್ಟು ವರ್ಷ ಬೇಕು ಅಂತ ಮೊದಲು ಹೇಳು, ಸಾಲ ಕೊಡುವವನು ಅವಧಿ ಕೇಳಬಾರದಾ?' ಹುಡುಗನಿಗೆ ಉತ್ತರವೇ ಬರಲಿಲ್ಲ. ಪಕ್ಕದಲ್ಲಿದ್ದ ಕೀಮೋ ಆಂಟಿ ತಡೆಯಲಾಗದೆ, 'ನಾನು ಹೇಳ್ತೀನಿ, ನಾನು ಯಯಾತಿ' ಅಂತ ಅವನನ್ನು ಎಬ್ಬಿಸಿ ಕೂತೇಬಿಟ್ಟರು. ಮುಂದಿನ ಅರ್ಧ ಗಂಟೆ ನಾವು ಯಾರೂ ನೋಟ್‌ಬುಕ್ ಮುಟ್ಟಲಿಲ್ಲ, ರೆಕಾರ್ಡ್ ಮಾಡಬಹುದಾ ಅಂತ ಕೇಳಿ ಫೋನ್ ಇಟ್ಟೆವು. ಆಂಟಿ ಬೇಡ ಅಂದರು, ಆರಿಸಿದೆವು.

ಹಾಳೆ ಬರೆಸಲು ಶುರು ಮಾಡಿದ್ದೇವೆ. ಪ್ರತಿ ಪ್ರದರ್ಶನಕ್ಕೆ ಮುಂಚೆ ಮತ್ತೆ ಕೇಳಬೇಕು ಅಂತಲೂ ಅವರೇ ಹೇಳಿದರು, ಇವತ್ತು ಹೂಂ ಅಂದಿದ್ದು ನಾಳೆ ಉಹೂಂ ಆಗಬಹುದು ಅಂತ. ಸಿಸ್ಟರ್, ನೀವು ಹೇಳಿದ ಹತ್ತಿಯ ಕೆಲಸವನ್ನು ಇಟ್ಟುಕೊಳ್ಳುತ್ತೇವೆ. ಅದನ್ನು ಸರಿಯಾಗಿ ಕಲಿಸಲು ಒಂದು ದಿನ ಬರುತ್ತೀರಾ? ಐಸಿಯು ದೃಶ್ಯ ಬೇಕಾ ಬೇಡವಾ ಅಂತ ಗುಂಪಿನಲ್ಲಿ ಇನ್ನೂ ಜಗಳ ಇದೆ, ಬೇಡ ಅನ್ನುತ್ತಿರುವವರು ನಮ್ಮ ವಯಸ್ಸಿನವರೇ ಜಾಸ್ತಿ. ಮನೆಗಳಲ್ಲಿ ರೋಗಿಗಳನ್ನು ನೋಡಿಕೊಳ್ಳುವ ಹೋಂ ನರ್ಸ್ ಹುಡುಗಿಯರನ್ನೂ ಕರೆಯಬೇಕು ಅಂತ, ಗಂಡನನ್ನು ಕೈ ಹಿಡಿದು ಕರೆತರುವ ಆ ಅಮ್ಮ ಹೇಳಿದರು. ಅವರಿಗೆ ರಜೆ ಸಿಗುವುದೇ ಕಷ್ಟ, ಭಾನುವಾರ ಮಧ್ಯಾಹ್ನ ಆಗಬಹುದೇನೋ ಅಂತ ವಿಚಾರಿಸುತ್ತಿದ್ದೇವೆ.

ಶಿರಸಿ ಅಣ್ಣಾ, ನಮಗೆ ಒಬ್ಬರು ಭಾಗವತರು ಬೇಕು. ಮದ್ದಲೆಯವರು ಸಿಕ್ಕಿದ್ದಾರೆ.

ಶಿರಸಿ ಕಡೆಯವ, ಈಗ ಬನಶಂಕರಿ

ನನ್ನ ಚಿಕ್ಕಪ್ಪ ಹಾಡುತ್ತಾರೆ, ಕತ್ರಿಗುಪ್ಪೆಯಲ್ಲೇ ಇರುವುದು. ಅವರಿಗೂ ಅರವತ್ತೆಂಟು. ದಮ್ಮು ಸ್ವಲ್ಪ ಕಡಿಮೆ ಆಗಿದೆ, ಏರು ಶ್ರುತಿಯ ಪದ್ಯ ಕೇಳಬೇಡಿ. ಯದು ಪರ ವಾದ ಇದೆ ಅಂದಿದ್ದಕ್ಕೆ ಬರುತ್ತೇನೆ ಅಂದರು. ಮೇಸೇಜ್ ಮಾಡಿ, ನಂಬರ್ ಕಳಿಸುತ್ತೇನೆ.

ರಾತ್ರಿಪಾಳಿ ಸಿಸ್ಟರ್

ಮುಂದಿನ ವಾರ ನನಗೆ ಹಗಲು ಪಾಳಿ, ಅದರ ಮುಂದಿನ ಶನಿವಾರ ಬೆಳಗ್ಗೆ ಬರುತ್ತೇನೆ. ಹತ್ತಿ, ಬಟ್ಟಲು ನಾನೇ ತರುತ್ತೇನೆ. ಒಂದು ದಿಂಬು, ಒಂದು ಬೆಡ್‌ಶೀಟ್, 'ರೋಗಿ'ಯಾಗಿ ಮಲಗಲು ನಿಮ್ಮ ತಂಡದ ಒಬ್ಬರು ಬೇಕು. ಹಿರಿಯರು ಮಲಗುವುದು ಬೇಡ, ಅವರು ಹತ್ತಿ ಹಿಡಿಯಲಿ.